ಕಾಳಿಗೆ ತಾಡಪಾಲು, ಆಳಿಗೆ ಬಿಸಿಲು

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟೊಡನೆ ಪ್ರತಿವರ್ಷ ಬರುವ ಹಾಗೆ ಈ ಸಲವೂ ತಮ್ಮ ಪತ್ರಿಕೆಯಲ್ಲಿ ಬಿಸಿಲಿನ ಬಗ್ಗೆ ಎಚ್ಚರಿಕೆಯ ಸೂಚನೆಗಳು ಪ್ರಕಟವಾಗಿವೆ. ಮಜ್ಜಿಗೆ ಕುಡಿಯಿರಿ, ಹತ್ತಿ ಬಟ್ಟೆ ಧರಿಸಿ, ಮಧ್ಯಾಹ್ನ ಹೊರಗೆ ಹೋಗಬೇಡಿ ಎಂಬ ಆ ಮಾತುಗಳಲ್ಲಿ ತಪ್ಪೇನೂ ಇಲ್ಲ. ಅದೇ ಪುಟದ ಕೆಳಗೆ, ಎಂಥ ಬಿಸಿಲಿಗೆ ಹೋದರೂ ಮುಖ ಕಪ್ಪಾಗದಂತೆ ಕಾಯುವ ಕ್ರೀಮೊಂದರ ಜಾಹೀರಾತೂ ಇತ್ತು. ಬಿಸಿಲೆಂದರೆ ಒಂದೋ ತಲೆಸುತ್ತಿ ಬೀಳಿಸುವ ಝಳ, ಇಲ್ಲವೇ ಮೈಬಣ್ಣ ಕೆಡಿಸುವ ಪೀಡೆ ಎಂಬ ಎರಡೇ ಲೆಕ್ಕ ನಮ್ಮಲ್ಲಿ ಉಳಿದಂತಿದೆ. ಝಳಕ್ಕೂ ಬಣ್ಣಕ್ಕೂ ಸಂಬಂಧವಿಲ್ಲದೆ, ಮೂವತ್ತು ನಲವತ್ತು ವರ್ಷ ಚರ್ಮವನ್ನು ಒಳಗೊಳಗೇ ಕೆಡಿಸುತ್ತ ಹೋಗುವ ಬಿಸಿಲಿನ ಇನ್ನೊಂದು ಕೆಲಸದ ಕುರಿತು ಬರೆಯಬೇಕೆನಿಸಿ ಈ ಪತ್ರ. ಸ್ವಲ್ಪ ದೀರ್ಘವಾಗಿದ್ದರೆ ಕ್ಷಮಿಸಬೇಕು.

ಬರೆಯಲು ಕಾರಣ ನಮ್ಮ ದೊಡ್ಡಮ್ಮ. ಜಗಳೂರು ತಾಲ್ಲೂಕಿನ ಮಳೆಯಾಶ್ರಿತ ಹೊಲದಲ್ಲಿ ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಎಂದು ಐವತ್ತು ವರ್ಷ ದುಡಿದವರು. ಅವರ ಮೂಗಿನ ಎಡಮಗ್ಗುಲಲ್ಲಿ ಕಡಲೆಕಾಳಿಗಿಂತ ಸಣ್ಣದಾದ, ಕಪ್ಪಗೆ ಹೊಳೆಯುವ ಗುಳ್ಳೆಯೊಂದು ಎದ್ದಿತ್ತು. ಅದರ ಅಂಚು ಮಣಿ ಪೋಣಿಸಿದಂತೆ ಉಬ್ಬಿಕೊಂಡು ನಡುವೆ ತಗ್ಗಾಗಿತ್ತು. ಆ ತಗ್ಗಿನಲ್ಲಿ ಹಕ್ಕಳೆ ಕಟ್ಟುತ್ತಿತ್ತು, ಮುಖ ತೊಳೆಯುವಾಗ ಅದು ಕಿತ್ತುಬಂದು ರಕ್ತ ಒಸರುತ್ತಿತ್ತು, ಎಂಟು ದಿನಕ್ಕೆ ಮತ್ತೆ ಹಕ್ಕಳೆ ಕಟ್ಟುತ್ತಿತ್ತು. ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ಯಾರಿಗೂ ಅವಸರವಿರಲಿಲ್ಲ. ಅರಿಸಿನ ಹಚ್ಚಿದ್ದಾಯಿತು, ಸುಣ್ಣ ಹಚ್ಚಿದ್ದಾಯಿತು, ಔಷಧಿ ಅಂಗಡಿಯವರು ಕೊಟ್ಟ ಮೂರು ಬಗೆಯ ಮುಲಾಮು ಮುಗಿದವು, ಒಬ್ಬ ವೈದ್ಯರು ಮೊಡವೆಯೆಂದು ಮಾತ್ರೆ ಬರೆದುಕೊಟ್ಟರು. ಹೀಗೆ ಎರಡೂವರೆ ವರ್ಷ ಕಳೆದ ಮೇಲೆ ಮದುವೆಯೊಂದಕ್ಕೆಂದು ದಾವಣಗೆರೆಗೆ ಬಂದವರನ್ನು ನನ್ನ ಮಗಳು ಹಠ ಹಿಡಿದು ಚರ್ಮರೋಗ ತಜ್ಞರ ಬಳಿ ಕರೆದೊಯ್ದಳು. ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬೇಸಲ್ ಸೆಲ್ ಕಾರ್ಸಿನೋಮ ಎಂದು ವರದಿ ಬಂತು. ಅಂದರೆ ಚರ್ಮದ ಕ್ಯಾನ್ಸರ್. ‘ನಾನೇನ್ ಬೀಡಿ ಸೇದೀನಾ, ತಂಬಾಕು ಹಾಕೀನಾ, ನನಗ್ಯಾಕ್ ಬಂತಪ್ಪ ಇದು?’ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ವೈದ್ಯರು, ‘ಎಷ್ಟು ವರ್ಷ ಹೊಲದಾಗೆ ದುಡಿದ್ರಿ ಅಮ್ಮ?’ ಎಂದು ತಿರುಗಿ ಕೇಳಿದರು.

ಈ ಕ್ಯಾನ್ಸರ್ ಮೆಲ್ಲಗೆ ಬೆಳೆಯುವಂಥದ್ದು, ದೇಹದ ಬೇರೆ ಭಾಗಗಳಿಗೆ ಹರಡುವುದು ತೀರ ಅಪರೂಪ. ಕೊರೆದು ತೆಗೆದರೆ ಬಹುಮಟ್ಟಿಗೆ ಗುಣವಾಗುತ್ತದೆ. ಆದರೆ ಬಿಟ್ಟಷ್ಟೂ ಅಕ್ಕಪಕ್ಕದ ಚರ್ಮ, ಮೃದ್ವಸ್ಥಿಗಳನ್ನು ತಿನ್ನುತ್ತ ಹೋಗುತ್ತದೆ. ಮೊದಲ ವರ್ಷವೇ ತೋರಿಸಿದ್ದರೆ ನಾಲ್ಕು ಹೊಲಿಗೆಯಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಕೆನ್ನೆಯ ಚರ್ಮವನ್ನು ಎಳೆದು ಮೂಗಿಗೆ ಮುಚ್ಚಬೇಕಾಯಿತು. ದೊಡ್ಡಮ್ಮ ಈಗ ಚೆನ್ನಾಗಿದ್ದಾರೆ. ಮೂಗುತಿಯನ್ನು ಮಾತ್ರ ಬಲಕ್ಕೆ ಬದಲಾಯಿಸಿಕೊಂಡಿದ್ದಾರೆ.

ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಿಳಿಯರೇ ಹೆಚ್ಚಾಗಿರುವ ಆಸ್ಟ್ರೇಲಿಯಾದಲ್ಲಿ ಅದು ಮನೆಮಾತಾಗಿರುವ ಕಾಯಿಲೆ. 1981ರಿಂದಲೇ ಅಲ್ಲಿ ಅಂಗಿ ತೊಡಿ, ಕ್ರೀಮು ಹಚ್ಚಿ, ಟೋಪಿ ಹಾಕಿ ಎಂಬ ಪ್ರಚಾರ ನಡೆದಿದೆ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತು ಹುಟ್ಟಿನಿಂದ ಬಂದ ಕೊಡೆಯಿದ್ದ ಹಾಗೆ. ಚರ್ಮ ಸುಡುವ ಕಿರಣವನ್ನು ಕ್ರೀಮು ಎಷ್ಟು ತಡೆಯುತ್ತದೆಂದು ಹೇಳುವ ಅಂಕಿಗೆ ಎಸ್‌ಪಿಎಫ್ ಎನ್ನುತ್ತಾರೆ. ಕಡುಗಪ್ಪು ಚರ್ಮದ ಮೇಲ್ಪದರವು ತಾನಾಗಿಯೇ ಎಸ್‌ಪಿಎಫ್ 13ರ ಕ್ರೀಮಿನಷ್ಟು ರಕ್ಷಣೆ ಕೊಡುತ್ತದೆ, ಬಿಳಿಚರ್ಮ ಕೊಡುವುದು 3ರಷ್ಟು ಮಾತ್ರ ಎಂದು ಅಳೆದವರಿದ್ದಾರೆ. ನಮ್ಮದು ಇವೆರಡರ ನಡುವಿನದು. ಕಪ್ಪಾದೆನೆಂದು ಕೊರಗುವ ನಮ್ಮ ಮಕ್ಕಳಿಗೆ ಇದನ್ನು ಶಾಲೆಯಲ್ಲೇ ಹೇಳಿಕೊಡಬೇಕಿತ್ತು. ಆದರೆ ಕೊಡೆಯಿದೆಯೆಂದು ಐವತ್ತು ವರ್ಷ ಮಳೆಯಲ್ಲೇ ನಿಂತರೆ ಹೇಗೆ? ಸೂರ್ಯನ ವಿಕಿರಣವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1992ರಲ್ಲಿಯೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ, ಅಂದರೆ ತಂಬಾಕು ಇರುವ ಗುಂಪಿಗೇ ಸೇರಿಸಿದೆ.

ಕೆಡುಕು ಮಾಡುವುದು ಬಿಸಿಲಿನ ಶಾಖವಲ್ಲ, ಅದರ ಜೊತೆಗೆ ಬರುವ ಕಣ್ಣಿಗೆ ಕಾಣದ ನೇರಳಾತೀತ, ಅಂದರೆ ಯುವಿ, ಕಿರಣಗಳು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಸೆಕೆಯಾದರೆ ಮೈ ತಾನೇ ನೆರಳಿಗೆ ಓಡುತ್ತದೆ, ಈ ಕಿರಣ ತಾಗಿದ್ದು ಮೈಗೆ ಗೊತ್ತೇ ಆಗುವುದಿಲ್ಲ. ದಾವಣಗೆರೆ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹದಿನಾಲ್ಕೂವರೆ ಡಿಗ್ರಿಯಷ್ಟು ದೂರದಲ್ಲಿದೆ. ಹಾಗಾಗಿ ಸೂರ್ಯ ವರ್ಷಕ್ಕೆರಡು ಸಲ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುಭಾಗದಲ್ಲೊಮ್ಮೆ. ಆ ದಿನಗಳಲ್ಲಿ, ಗಡಿಯಾರದ ಹನ್ನೆರಡಕ್ಕಿಂತ ಸುಮಾರು ಅರ್ಧ ತಾಸು ತಡವಾಗಿ, ನೆಟ್ಟಗೆ ನಿಲ್ಲಿಸಿದ ಗೂಟಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲಿನಲ್ಲಿ ನಾವು ಬಿಸಿಲಿಗೆ ಹೆದರಿ ಒಳಗಿರುತ್ತೇವೆ, ಸರಿ. ಆಗಸ್ಟಿನಲ್ಲಿ ಮೋಡ ಕವಿದು ನಮ್ಮ ಬಯಲುಸೀಮೆಯ ಗಾಳಿ ಬೀಸುತ್ತಿರುವಾಗ, ಮೈಗೆ ಹಿತವಾಗಿದೆಯೆಂದು ಇಡೀ ದಿನ ತಲೆಗೆ ಬಟ್ಟೆಯಿಲ್ಲದೆ ಕಳೆ ಕೀಳುತ್ತೇವೆ. ತೆಳುಮೋಡವನ್ನು ದಾಟಿ ನೇರಳಾತೀತ ಕಿರಣಗಳ 80 ಪ್ರತಿಶತದವರೆಗೂ ಕೆಳಗಿಳಿಯಬಲ್ಲವು. ಉಷ್ಣಮಾಪಕ 28 ಡಿಗ್ರಿ ತೋರಿಸಿದ ಮಾತ್ರಕ್ಕೆ ಬಿಸಿಲು ಸೌಮ್ಯವಾಯಿತೆಂದು ತಿಳಿಯುವಂತಿಲ್ಲ. ಉಪಕರಣವಿಲ್ಲದೆ ಇದನ್ನು ಅಳೆಯುವ ಉಪಾಯವೂ ಉಂಟು: ನಮ್ಮ ನೆರಳು ನಮಗಿಂತ ಗಿಡ್ಡವಾಗಿದ್ದರೆ ಕಿರಣ ಬಲವಾಗಿದೆ, ಉದ್ದವಾಗಿದ್ದರೆ ಕಡಿಮೆಯಿದೆ.

ನಾನು ಮೂವತ್ತೊಂದು ವರ್ಷ ಕೃಷಿ ಮಾರುಕಟ್ಟೆಯೊಂದರ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ನನ್ನ ಗಾದಿ ನೆರಳಿನಲ್ಲಿತ್ತು, ಅಂಗಡಿಯ ಎದುರಿನ ಸಿಮೆಂಟು ಕಣ ಬಿಸಿಲಿನಲ್ಲಿತ್ತು. ಸುಗ್ಗಿಯಲ್ಲಿ ಮೆಕ್ಕೆಜೋಳದ ತೇವಾಂಶ ಹೆಚ್ಚಿದ್ದರೆ ದರ ಸಿಗುವುದಿಲ್ಲವಾದ್ದರಿಂದ ಕಾಳನ್ನು ಆ ಕಣದಲ್ಲಿ ಹರವುತ್ತಾರೆ. ಹೆಣ್ಣುಮಕ್ಕಳು ಬರಿಗಾಲಿನಲ್ಲಿ ಕಾಳಿನ ನಡುವೆ ಸಾಲು ಎಳೆಯುತ್ತ, ತಿರುವಿ ಹಾಕುತ್ತ, ಬೆಳಿಗ್ಗೆಯಿಂದ ಇಳಿಹೊತ್ತಿನವರೆಗೆ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಒಂದು ಮೋಡ ಕಂಡರೆ ಸಾಕು, ಇಡೀ ಮಾರುಕಟ್ಟೆ ಎದ್ದು ತಾಡಪಾಲಿಗಾಗಿ ಓಡುತ್ತದೆ, ನಾನೂ ಓಡಿದ್ದೇನೆ. ಕಾಳಿಗೆ ಮಳೆ ತಾಗಬಾರದೆಂದು ಅಷ್ಟು ಎಚ್ಚರವಿದ್ದ ನನಗೆ, ಅದೇ ತಾಡಪಾಲನ್ನು ನಾಲ್ಕು ಗಳುಗಳಿಗೆ ಕಟ್ಟಿದರೆ ಆ ಹೆಣ್ಣುಮಕ್ಕಳು ಊಟದ ಹೊತ್ತಿಗಾದರೂ ಅದರಡಿ ಕೂರಬಹುದು ಎಂಬ ಯೋಚನೆ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಬರಲಿಲ್ಲ. ಅವರು ಲಾರಿಯ ನೆರಳಿನಲ್ಲಿ ಕೂತು ಉಣ್ಣುತ್ತಿದ್ದರು, ಲಾರಿ ಹೊರಟರೆ ತಟ್ಟೆ ಹಿಡಿದು ಎದ್ದು ಹೋಗುತ್ತಿದ್ದರು.

ಸನ್‌ಸ್ಕ್ರೀನ್ ಎಂಬ ಕ್ರೀಮಿನ ವಿಚಾರಕ್ಕೆ ಬಂದರೆ, ಅದು ಮೋಸವಲ್ಲ, ನಿಜವಾಗಿಯೂ ಕೆಲಸ ಮಾಡುವ ವಸ್ತು. ಎಸ್‌ಪಿಎಫ್ 30 ಎಂದಿದ್ದರೆ ಚರ್ಮ ಸುಡುವ ಯುವಿ-ಬಿ ಕಿರಣದ ಸುಮಾರು 97 ಪ್ರತಿಶತವನ್ನು, 50 ಎಂದಿದ್ದರೆ 98 ಪ್ರತಿಶತವನ್ನು ತಡೆಯುತ್ತದೆ. ಆ ಒಂದು ಪ್ರತಿಶತಕ್ಕೆ ಹೆಚ್ಚು ದುಡ್ಡು ಕೊಡಬೇಕಾದ ಅಗತ್ಯ ನಮ್ಮಂಥವರಿಗೆ ಕಾಣುವುದಿಲ್ಲ. ಚರ್ಮದ ಆಳಕ್ಕಿಳಿಯುವ, ಗಾಜನ್ನೂ ದಾಟಿ ಬರುವ ಯುವಿ-ಎ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಟ್ಯೂಬಿನ ಮೇಲೆ ಪಿಎ ಎಂದು ಬರೆದು ಕೂಡುವ ಚಿಹ್ನೆಗಳನ್ನು ಹಾಕಿರುತ್ತಾರೆ. ಚಿಹ್ನೆ ಹೆಚ್ಚಿದ್ದಷ್ಟೂ ಒಳ್ಳೆಯದು. ಆದರೆ ಈ ಅಂಕಿಗಳೆಲ್ಲ ಪ್ರಯೋಗಾಲಯದಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ದಪ್ಪಗೆ ಬಳಿದು ಪಡೆದಂಥವು. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದ ಹಿಂಡಿಕೊಳ್ಳಬೇಕು, ಹೊರಗಿದ್ದಷ್ಟು ಹೊತ್ತೂ ಎರಡು ತಾಸಿಗೊಮ್ಮೆ, ಬೆವರಿದ್ದರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ನಮ್ಮ ಮನೆಯಲ್ಲಿ ಐವತ್ತು ಗ್ರಾಂ ಟ್ಯೂಬೊಂದು ಯುಗಾದಿಯಿಂದ ದೀಪಾವಳಿಯವರೆಗೆ ಬಾಳಿಕೆ ಬಂದಿದೆ. ಅಂದರೆ ಅದನ್ನು ಯಾರೂ ಸರಿಯಾಗಿ ಹಚ್ಚಿಲ್ಲವೆಂದೇ ಅರ್ಥ. ಸರಿಯಾಗಿ ಹಚ್ಚಿದರೆ ದಿನವಿಡೀ ಹೊರಗಿರುವವರಿಗೆ ಅದು ಎರಡು ವಾರವೂ ಬರದು. ದಿನಗೂಲಿಯವರಿಗೆ ಇದನ್ನು ಕೊಳ್ಳಿರೆಂದು ಹೇಳುವುದು ನ್ಯಾಯವಲ್ಲ.

ಅವರಿಗೆ ಬಟ್ಟೆಯೇ ಗತಿ, ಮತ್ತು ಬಟ್ಟೆಯು ಕ್ರೀಮಿಗಿಂತ ಭರವಸೆಯ ರಕ್ಷಣೆ. ನಮ್ಮ ಕಡೆ ಹೊಲದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು ತೊಟ್ಟು, ಸೆರಗನ್ನು ತಲೆಗೆ ಬಿಗಿದುಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಜೋಳದ ಗರಿ ಕುಯ್ಯದಿರಲಿ ಎಂದು ಹುಟ್ಟಿಕೊಂಡ ಈ ರೂಢಿ ತೋಳುಗಳನ್ನು ಬಿಸಿಲಿನಿಂದಲೂ ಕಾದಿದೆ. ಆದರೆ ತೊಟ್ಟೂ ತೊಟ್ಟೂ ಜಾಳಾದ ಶರ್ಟಿನ ಎಳೆಗಳ ಸಂದಿಯಿಂದ ಬೆಳಕು ತೂರಿಬರುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಗಿನದು ಕಂಡರೆ ಕಿರಣಕ್ಕೂ ದಾರಿಯಿದೆಯೆಂದು ತಿಳಿಯಬೇಕು. ಗಂಡಸರ ರುಮಾಲು ನೆತ್ತಿಯನ್ನು ಕಾಯುತ್ತದೆಯೇ ಹೊರತು ಮೂಗು, ಕಿವಿ, ಕತ್ತಿನ ಹಿಂಭಾಗ, ಕೆಳತುಟಿಗಳನ್ನು ಕಾಯುವುದಿಲ್ಲ. ಬಿಸಿಲಿನಿಂದ ಬರುವ ಕ್ಯಾನ್ಸರ್ ಹೆಚ್ಚಾಗಿ ಏಳುವುದು ತಲೆ, ಮುಖ, ಕತ್ತುಗಳಲ್ಲಿಯೇ. ಸುತ್ತಲೂ ಮೂರು ಅಂಗುಲ ಅಂಚಿರುವ ಟೋಪಿ ಈ ಕೊರತೆಯನ್ನು ತುಂಬುತ್ತದೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಅಂಥ ಟೋಪಿಯನ್ನು ದೊಡ್ಡವರು ಹೊಲಕ್ಕೆ ಹಾಕಿಕೊಂಡರೆ ನಗುವವರು ಎರಡು ದಿನ ನಕ್ಕು ಸುಮ್ಮನಾಗುತ್ತಾರೆ. ಇನ್ನು ಕೊಡೆ. ನಮ್ಮ ತಾತಂದಿರು ಬೇಸಿಗೆಯಲ್ಲೂ ಕೈಯಲ್ಲಿ ಕೊಡೆ ಹಿಡಿಯದೆ ಪಕ್ಕದೂರಿಗೆ ಹೊರಟವರಲ್ಲ. ಮಳೆಗಾಲ ಮುಗಿದ ಮೇಲೆ ಕೊಡೆ ಬಿಚ್ಚುವ ಗಂಡಸನ್ನು ನೋಡಿ ನಗುವ ಕಾಲ ಯಾವಾಗ ಬಂತೋ ತಿಳಿಯದು.

ಬಿಸಿಲೇ ಬೇಡವೆಂದಲ್ಲ. ಡಿ ಜೀವಸತ್ವ ಚರ್ಮದಲ್ಲಿ ತಯಾರಾಗುವುದೇ ಬಿಸಿಲಿನಿಂದ, ಮನೆ, ಕಚೇರಿ, ಕಾರುಗಳೊಳಗೇ ಇರುವವರಿಗೆ ಅದರ ಕೊರತೆಯೂ ಇದೆ. ಅಂಥವರು ಮುಖ, ಕೈಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿಸಿಕೊಳ್ಳಲಿ. ದಿನವಿಡೀ ಕಣದಲ್ಲಿ ನಡೆಯುವ ಹೆಂಗಸಿಗೆ ಈ ಉಪದೇಶ ಬೇಕಿಲ್ಲ.

ಎಲ್ಲರಿಗಿಂತ ಹೆಚ್ಚಿನ ಎಚ್ಚರ ಬೇಕಾದವರು ಹುಟ್ಟಿನಿಂದಲೇ ಮೈಯಲ್ಲಿ, ಕೂದಲಿನಲ್ಲಿ ಕಪ್ಪು ಬಣ್ಣವಿಲ್ಲದ ಆಲ್ಬಿನಿಸಂ ಇರುವ ಮಕ್ಕಳು. ಮೇಲೆ ಹೇಳಿದ ಹುಟ್ಟುಕೊಡೆ ಅವರಿಗಿಲ್ಲ. ಬಿಸಿಲಿನ ದೇಶಗಳಲ್ಲಿ ರಕ್ಷಣೆಯಿಲ್ಲದೆ ಬೆಳೆದ ಇಂಥವರಿಗೆ ಇಪ್ಪತ್ತು ಮೂವತ್ತರ ಹರೆಯದಲ್ಲೇ ಚರ್ಮದ ಕ್ಯಾನ್ಸರ್ ಬರುವುದುಂಟು. ಇವರನ್ನು ಬೆಳಗಿನ ಪ್ರಾರ್ಥನೆಗೆ, ಆಟದ ಅವಧಿಗೆ ಬಿಸಿಲಿನಲ್ಲಿ ನಿಲ್ಲಿಸಬಾರದು, ತುಂಬುತೋಳಿನ ಅಂಗಿಗೂ ಟೋಪಿಗೂ ಸಮವಸ್ತ್ರದ ನಿಯಮವನ್ನು ಅಡ್ಡ ತರಬಾರದು. ಇವರಿಗಾದರೂ ಸನ್‌ಸ್ಕ್ರೀನ್ ಅನ್ನು ಸರ್ಕಾರಿ ಆಸ್ಪತ್ರೆಯಿಂದ ಔಷಧಿಯೆಂದೇ ಪರಿಗಣಿಸಿ ಉಚಿತವಾಗಿ ಕೊಡುವುದು ನ್ಯಾಯ. ತೊನ್ನು ಇರುವವರ ಬಿಳಿ ಮಚ್ಚೆಗಳೂ ಬಿಸಿಲಿಗೆ ಬೇಗ ಸುಡುತ್ತವೆ. ಇನ್ನು ಬೆಳ್ಳಗಾಗಲೆಂದು, ಬಂಗು ಹೋಗಲೆಂದು ಔಷಧಿ ಅಂಗಡಿಯಲ್ಲಿ ಬಾಯಿಮಾತಿಗೆ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ತಿಂಗಳುಗಟ್ಟಲೆ ತಿಕ್ಕಿಕೊಳ್ಳುವವರು ಇದ್ದಾರೆ. ಚರ್ಮ ತೆಳ್ಳಗಾಗಿ, ಕೆಂಪಡರಿ, ಮೊದಲಿಗಿಂತ ಹೆಚ್ಚು ಬಿಸಿಲು ತಾಳದಂತಾಗುವುದು ಅದರ ಫಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ನಿಯಮ ಬಿಗಿಗೊಳಿಸಿದ್ದರೂ ಚೀಟಿ ಕೇಳುವ ಅಂಗಡಿ ನನಗಿನ್ನೂ ಸಿಕ್ಕಿಲ್ಲ.

ಯಾವುದನ್ನು ವೈದ್ಯರಿಗೆ ತೋರಿಸಬೇಕು ಎಂಬುದನ್ನು ದೊಡ್ಡಮ್ಮನ ಚಿಕಿತ್ಸೆಯ ಸಮಯದಲ್ಲಿ ತಜ್ಞರು ತಾಳ್ಮೆಯಿಂದ ತಿಳಿಸಿದರು. ತಿಂಗಳು ಕಳೆದರೂ ಮಾಯದ ಹುಣ್ಣು, ಹಕ್ಕಳೆ ಕಟ್ಟಿ ಕಟ್ಟಿ ಉದುರುವ ಗುಳ್ಳೆ, ಆಕಾರ ಬಣ್ಣ ಬದಲಾಗುತ್ತ ದೊಡ್ಡದಾಗುವ ಮಚ್ಚೆ, ಕೆಳತುಟಿಯ ಮೇಲೆ ಗಟ್ಟಿಯಾಗಿ ಉಳಿಯುವ ಬಿರುಕು, ಇವನ್ನು ನೋವಿಲ್ಲವೆಂದು ಕಡೆಗಣಿಸಬಾರದು. ಹಿಂದೆಂದೋ ಮೈಸುಟ್ಟ ಗಾಯದ ಕಲೆಯಲ್ಲಿ ಎಷ್ಟೋ ವರ್ಷದ ಮೇಲೆ ಹೊಸದಾಗಿ ಹುಣ್ಣೆದ್ದರೂ ತೋರಿಸಬೇಕು. ಮಂಡಕ್ಕಿ ಭಟ್ಟಿಗಳಿರುವ ನಮ್ಮ ಊರಿನಲ್ಲಿ ಸುಟ್ಟ ಗಾಯದ ಕಲೆ ಹೊತ್ತವರಿಗೆ ಕೊರತೆಯಿಲ್ಲ. ಅಂಗಾಲು, ಅಂಗೈ, ಉಗುರಿನ ಕೆಳಗೆ ಮೂಡುವ ಕಪ್ಪು ಕಲೆ ಅಥವಾ ಪಟ್ಟಿಯ ಮಾತು ಬೇರೆ. ಅಲ್ಲಿ ಬರಬಹುದಾದ ಮೆಲನೋಮ ಎಂಬ ಕ್ಯಾನ್ಸರ್ ಬಿಸಿಲಿನಿಂದ ಬರುವಂಥದ್ದಲ್ಲ, ಆದರೆ ನಮ್ಮಂಥ ಕಪ್ಪು ಚರ್ಮದವರಲ್ಲಿ ಮೆಲನೋಮ ಹೆಚ್ಚಾಗಿ ಏಳುವುದು ಅಂಥ ಜಾಗಗಳಲ್ಲೇ, ಅದು ಬೇಗ ಹರಡುವಂಥದ್ದು. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿ 1981ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಇದೇ ಕ್ಯಾನ್ಸರಿನಿಂದ.

ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಬೇಕೆಂದು ನನಗನ್ನಿಸುವುದಿಲ್ಲ. ಮೂವತ್ತು ವರ್ಷ ದಾಟಿದವರ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಸರ್ಕಾರದ ಕಾರ್ಯಕ್ರಮ ಈಗಾಗಲೇ ಇದೆ. ಕುಷ್ಠರೋಗ ಪತ್ತೆ ಆಂದೋಲನದ ಸಮಯದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದೆಯೇ ಎಂದು ಮೈಯ ಚರ್ಮವನ್ನೇ ನೋಡಿ ಕೇಳುತ್ತಾರೆ. ಅದೇ ಭೇಟಿಯಲ್ಲಿ ‘ಮುಖದ ಮೇಲೆ, ಅಂಗಾಲಿನಲ್ಲಿ ಮಾಯದ ಹುಣ್ಣು ಇದೆಯಾ?’ ಎಂಬ ಒಂದು ಪ್ರಶ್ನೆಯನ್ನು ಸೇರಿಸಿದರೆ ನಮ್ಮ ದೊಡ್ಡಮ್ಮನಂಥವರು ಎರಡೂವರೆ ವರ್ಷ ಸುಣ್ಣ ಹಚ್ಚಿಕೊಂಡು ಕೂರಬೇಕಾಗುವುದಿಲ್ಲ. ತಜ್ಞರಿಗಾಗಿ ದೂರ ಹೋಗಬೇಕಾದ ಊರೂ ನಮ್ಮದಲ್ಲ. ಎರಡು ವೈದ್ಯಕೀಯ ಕಾಲೇಜುಗಳು ದಾವಣಗೆರೆಯಲ್ಲೇ ಇವೆ.

ನೆರಳಿನ ವಿಷಯದಲ್ಲಿ ಮಾತ್ರ ಜಿಲ್ಲಾಡಳಿತವೇ ಮುಂದಾಗಬೇಕು. ಕಲಬುರಗಿ ವಿಭಾಗದಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಿಗೆ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಿದೆ. ದಾವಣಗೆರೆ, ಚಿತ್ರದುರ್ಗಗಳು ಬೆಂಗಳೂರು ವಿಭಾಗಕ್ಕೆ ಸೇರಿರುವುದರಿಂದ ನಮಗೆ ಆ ಸೌಲಭ್ಯವಿಲ್ಲವೆಂದು ನೌಕರ ಬಂಧುಗಳು ಬೇಸರಪಡುವುದನ್ನು ಕೇಳಿದ್ದೇನೆ. ಫ್ಯಾನಿನಡಿ ಕೂರುವವರಿಗೆ ವೇಳೆ ಬದಲಿಸಬಹುದಾದರೆ, ಮೂಟೆ ಹೊರುವ ಹಮಾಲರಿಗೆ, ಡಾಂಬರು ಹಾಕುವವರಿಗೆ, ಕಣದ ಹೆಣ್ಣುಮಕ್ಕಳಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಟ್ಟು ಆ ಹೊತ್ತನ್ನು ಬೆಳಿಗ್ಗೆಗೋ ಸಂಜೆಗೋ ಸರಿಸಲು ಏನು ಅಡ್ಡಿ? ಕೂಲಿ ಕಡಿಯದೆ ಎಂಬ ಮಾತನ್ನು ಆದೇಶದಲ್ಲಿ ಮರೆಯದೆ ಬರೆಯಬೇಕು, ಇಲ್ಲವಾದರೆ ಬಿಡುವು ಯಾರಿಗೂ ಬೇಡವಾಗುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯೇ ಕೆಲಸದ ಸ್ಥಳದಲ್ಲಿ ನೆರಳು, ಕುಡಿಯುವ ನೀರು ಇರಬೇಕೆಂದು ಹೇಳಿತ್ತು. ಕೆರೆ ಹೂಳೆತ್ತುವ ಜಾಗಕ್ಕೆ ಒಪ್ಪುವ ಆ ಮಾತು ಊರೊಳಗಿನ ಕೆಲಸಕ್ಕೂ ಒಪ್ಪಬೇಕು. ಬಸ್ ತಂಗುದಾಣಗಳನ್ನು ಕಟ್ಟುವಾಗ ಜಾಹೀರಾತಿನ ಫಲಕ ರಸ್ತೆಗೆ ಕಾಣುವುದೇ ಎಂದು ನೋಡುವವರು, ಮಧ್ಯಾಹ್ನದ ನೆರಳು ಬೆಂಚಿನ ಮೇಲೆ ಬೀಳುವುದೇ ಎಂದೂ ಒಮ್ಮೆ ನೋಡಬೇಕು. ಈಗ ಹಲವು ಕಡೆ ಅದು ಬೆಂಚಿನ ಹಿಂದಿನ ಚರಂಡಿಯ ಮೇಲೆ ಬೀಳುತ್ತದೆ. ರಸ್ತೆ ಅಗಲ ಮಾಡಲು ಕಡಿದ ಬೇವು, ಹೊಂಗೆಗಳಿಗೆ ಬದಲಾಗಿ ಅಲಂಕಾರದ ತಾಳೆ ಜಾತಿಯ ಗಿಡ ನೆಡುವುದರಲ್ಲಿ ಯಾವ ಜಾಣತನವಿದೆಯೋ ನನಗೆ ಅರ್ಥವಾಗಿಲ್ಲ.

ಕೊನೆಯದಾಗಿ, ತಮ್ಮಲ್ಲಿಯೇ ಒಂದು ಕೋರಿಕೆ. ತಮ್ಮ ಪತ್ರಿಕೆಯ ಹವಾಮಾನದ ಅಂಕಣದಲ್ಲಿ ದಿನವೂ ಗರಿಷ್ಠ ಉಷ್ಣಾಂಶ, ಕನಿಷ್ಠ ಉಷ್ಣಾಂಶಗಳು ಬರುತ್ತವೆ. ಅವುಗಳ ಪಕ್ಕದಲ್ಲಿ ಆ ದಿನ ನೇರಳಾತೀತ ಕಿರಣ ಎಷ್ಟು ಬಲವಾಗಿದೆಯೆಂದು ತಿಳಿಸುವ ಯುವಿ ಸೂಚ್ಯಂಕವನ್ನೂ ಮುದ್ರಿಸಬಹುದೇ? ಕೆನಡಾ ದೇಶ 1992ರಲ್ಲಿ ಆರಂಭಿಸಿದ, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿಕೊಂಡ ಅಳತೆಯಿದು. 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ಹೆಚ್ಚಿನ ರಕ್ಷಣೆ ಬೇಕು, 11 ಮುಟ್ಟಿದರೆ ಅತಿರೇಕ. ನಮ್ಮ ಕಡೆ ಬೇಸಿಗೆಯ ನಡುಹಗಲಿನಲ್ಲಿ 11 ದಾಟುವುದು ಸಾಮಾನ್ಯ, ಡಿಸೆಂಬರಿನ ಚಳಿಯ ಮಧ್ಯಾಹ್ನವೂ 3 ಅನ್ನು ಸಲೀಸಾಗಿ ಮೀರುತ್ತದೆ. ಈ ಅಂಕಿ ಈಗ ಮೊಬೈಲಿನ ಹವಾಮಾನ ತಂತ್ರಾಂಶಗಳಲ್ಲೂ ಸಿಗುತ್ತದೆ, ಆದರೆ ಮಾರುಕಟ್ಟೆಯ ಚಹಾದಂಗಡಿಯಲ್ಲಿ ಹತ್ತು ಕೈ ದಾಟುವುದು ತಮ್ಮ ಪತ್ರಿಕೆಯೇ. ಮೆಕ್ಕೆಜೋಳದ ಧಾರಣೆಯ ಪಕ್ಕದಲ್ಲೇ ಅದನ್ನು ಹಾಕಿದರೆ ಇನ್ನೂ ಒಳ್ಳೆಯದು, ಹಮಾಲರು ಮೊದಲು ತೆರೆಯುವುದು ಆ ಪುಟವನ್ನೇ.

ಇತಿ ತಮ್ಮ ವಿಶ್ವಾಸಿ,
ದಲ್ಲಾಳಿ ಅಂಗಡಿಯ ಒಬ್ಬ ನಿವೃತ್ತ ಗುಮಾಸ್ತ, ದಾವಣಗೆರೆ